ಅಂಗಳದ ಕಾಲುವೆ

ರೂಪಾ ಟೀಚರು ಯಲಬುರ್ಗಾದ ಕಡೆಯವರು, ಮಳೆ ನಂಬಿ ಬೆಳೆಯುವ ಸೀಮೆಯವರು. ಗಂಗಾವತಿ ಕಡೆಯ ಈ ಊರಿನ ಶಾಲೆಗೆ ವರ್ಗವಾಗಿ ಬಂದಾಗ ಕಾಲುವೆಯ ಒಳಗುಟ್ಟು ಅವರಿಗೆ ತಿಳಿದಿರಲಿಲ್ಲ. ಏಳನೇ ತರಗತಿಗೆ ಸುಸ್ಥಿರ ಅಭಿವೃದ್ಧಿಯ ಪಾಠ ಮಾಡಬೇಕಿತ್ತು. ಇವತ್ತು ಬಳಸುವಾಗ ಪಕ್ಕದವರಿಗೂ ನಾಳೆಯವರಿಗೂ ಉಳಿಸಬೇಕು, ತಿರುಳು ಇಷ್ಟೇ ಎಂದು ಹೇಳಿ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಮಣ್ಣಿನಲ್ಲಿ ಪುಟ್ಟ ಕಾಲುವೆ ತೋಡಿಸಿ, ನಿಮ್ಮ ಮನೆಯ ಗದ್ದೆ ಎಲ್ಲಿ ಬರುತ್ತದೋ ಅಲ್ಲೇ ಕೂತು ಒಂದೊಂದು ಗದ್ದೆ ಮಾಡಿರಿ ಎಂದರು.

ಕಾಲುವೆಯ ತಲೆಗೆ ಕೂತವನು ದೊಡ್ಡಬಸಪ್ಪನ ಮಗ ಗೌರೀಶ. ತುದಿಗೆ ಕೂತವಳು ಇಮಾಮಬೀಯ ಮಗಳು ಜರೀನಾ. ಜರೀನಾಳ ಮನೆಯ ನೆಲ್ಲು ಆಗ ಹಾಲು ಕಟ್ಟುತ್ತಿತ್ತು. ಆ ವಾರ ನೀರು ಮುಟ್ಟದಿದ್ದರೆ ಪೈರೆಲ್ಲ ಜೊಳ್ಳು. ಹೊಸಪೇಟೆಯ ಡ್ಯಾಮಿನಲ್ಲೇ ನೀರು ಕಡಿಮೆಯಂತೆ ಎಂದು ಕಾಲುವೆಯ ಮೇಲಿನ ಗದ್ದೆಯವರು ಹೇಳಿದ್ದರು, ಇಮಾಮಬೀ ನಂಬಿದ್ದಳು.

ಟೀಚರು ಬಕೆಟ್ಟಿನಿಂದ ನೀರು ಬಿಟ್ಟರು. ಗೌರೀಶ ತನ್ನ ಪಾಲಿನ ತೂಬು ಮುಚ್ಚಿದ ಮೇಲೂ ಅವನ ಗದ್ದೆ ತುಂಬುತ್ತಲೇ ಇತ್ತು. ಜರೀನಾ ಎದ್ದು ಬಂದು ಬದು ಕೆದರಿದಳು. ಒಳಗೆ ಅವನು ಕೊಳವೆಯಂಥ ಪಪ್ಪಾಯಿ ಎಲೆಯ ತೊಟ್ಟೊಂದನ್ನು ಹೂತಿಟ್ಟಿದ್ದ.

"ಇದನ್ನ ಯಾರು ಕಲಿಸ್ಯಾರೋ ನಿನಗ?" ಎಂದರು ಟೀಚರು.

"ನಮ್ಮ ಹೊಲದಾಗ ಪೈಪ್ ಹಿಂಗ ಐತ್ರಿ. ಎಲ್ಲಾರೂ ಇಟ್ಕೊಂಡಾರ್ರಿ."

ನಡುವಿನ ಗದ್ದೆಯವರೂ ನಗುತ್ತ ತಮ್ಮ ತೊಟ್ಟುಗಳನ್ನು ಎಳೆದು ತೋರಿಸಿದರು. ಜರೀನಾ ನಗಲಿಲ್ಲ. ತನ್ನ ಒಣ ಗದ್ದೆ ಬಿಟ್ಟು ಮನೆಗೆ ನಡೆದಳು.

ಸಂಜೆಯ ಹೊತ್ತಿಗೆ ಸುದ್ದಿ ಊರು ತುಂಬಿತು. ಮರುದಿನ ದೊಡ್ಡಬಸಪ್ಪ ಶಾಲೆಗೆ ಬಂದ. "ಪಾಠ ಹೇಳ್ರಿ ಅಂದ್ರ ಊರಾಗ ಜಗಳ ಹಚ್ಚೀರಲ್ರಿ," ಎಂದ. ಪೈಪಿನ ಸಂಗತಿ ತನಗೆ ಗೊತ್ತೇ ಇರಲಿಲ್ಲವೆಂದು ಹೇಳಿ ಟೀಚರು ಕುರ್ಚಿ ಕೊಟ್ಟರು. ಆತ ಕೂರುವಷ್ಟರಲ್ಲಿ ಇಮಾಮಬೀಯೂ ಬಂದಳು.

"ಏನ್ ದೊಡ್ಡಬಸಪ್ಪಣ್ಣ, ಡ್ಯಾಮ್ ನಿನ್ನ ಬದುವಿನಾಗ ಐತಂತಲ್ಲ. ನಾ ಸುಮ್ನ ಹೊಸಪೇಟಿ ಕಡಿ ನೋಡಕೋತ ಕುಂತಿದ್ನಿ."

ಟೀಚರು ಬೈಯಲಿಲ್ಲ. ಅಷ್ಟು ನೀರು ನಿಂತರೆ ಹೊಲ ಹೇಗಿರುತ್ತದೆ ಎಂದಷ್ಟೇ ಕೇಳಿದರು. ತಗ್ಗಿನ ಮೂಲೆಯಲ್ಲಿ ಸವಳು ಹತ್ತಿದೆ, ಬೆಳ್ಳಗೆ ಉಪ್ಪು ಏಳುತ್ತದೆ, ಹುಲ್ಲೂ ಬರುವುದಿಲ್ಲ ಎಂದು ದೊಡ್ಡಬಸಪ್ಪನೇ ಒಪ್ಪಿಕೊಂಡ.

ಬಾಗಿಲಲ್ಲಿ ನಿಂತಿದ್ದ ಗೌರೀಶ ಕೇಳಿದ: "ಅಪ್ಪಾ, ನಾಳಿ ಅಣ್ಣಗ ಮ್ಯಾಲಿನ ಹೊಲ ಕೊಡ್ತಿ. ನನ್ನ ಪಾಲಿಗೆ ಆ ಸವಳ ಏನು?"

ಇಮಾಮಬೀಗೆ ನಗು ತಡೆಯಲಾಗಲಿಲ್ಲ. ದೊಡ್ಡಬಸಪ್ಪ ಮಗನನ್ನು ಒಳಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ಆಮೇಲೆ, ತಾನೊಬ್ಬನೇ ಪೈಪು ತೆಗೆದರೆ ನಡುವಿನ ಗದ್ದೆಯವರು ಆ ನೀರನ್ನೂ ಎಳೆದುಕೊಳ್ಳುತ್ತಾರೆ, ತೆಗೆದರೆ ಎಲ್ಲರದೂ ತೆಗೆಯಬೇಕು ಎಂದ. ಯಾರದು ಎಲ್ಲೆಲ್ಲಿ ಹೂತಿದೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಹೂಳುವಾಗ ಒಬ್ಬರಿಗೊಬ್ಬರು ಸಲಿಕೆ ಹಿಡಿದವರೇ ತಾನೆ.

ಅಂದು ಸಂಜೆ ಇಮಾಮಬೀಯನ್ನು ಜೊತೆಗಿಟ್ಟುಕೊಂಡು ಕಾಲುವೆಗುಂಟ ನಡೆದ. ಮೊದಲು ತನ್ನ ಪೈಪು ಕಿತ್ತ. ಕೆಲವರು ಗೊಣಗುತ್ತ ಕಿತ್ತರು, ಒಬ್ಬಿಬ್ಬರು ಬೆಳಗ್ಗೆ ನೋಡೋಣ ಎಂದರು. ಇಮಾಮಬೀ ಅವರ ಬದುವಿನ ಮೇಲೇ ಕೂತುಬಿಟ್ಟಳು. ಅವರೂ ಕಿತ್ತರು.

ಮರುದಿನ ಜರೀನಾ ಶಾಲೆಗೆ ಬರಲಿಲ್ಲ. ಏನಾಯಿತೋ ಎಂದು ಟೀಚರು ಗೌರೀಶನನ್ನು ಕೇಳಿದರು. ತಾಯಿ ಮಗಳು ನಸುಕಿನಿಂದ ಗದ್ದೆಯಲ್ಲಿ ನೀರು ತಿರುವುತ್ತಿದ್ದಾರೆ ಎಂದ. ಅವರ ಗದ್ದೆಯ ಎತ್ತರದ ಮಡಿಯ ತೆನೆ ಆಗಲೇ ಜೊಳ್ಳಾಗಿತ್ತು. ಉಳಿದದ್ದಕ್ಕೆ ನೀರು ಮುಟ್ಟಿತ್ತು.