ತಿರುವುಮುರುವಾದ ತಂತಿ

ಭಟ್ಟಿಯೊಳಗೆ ಬಿಸಿ ಅಳೆಯುವ ಕಡ್ಡಿಗಳಾದ ಎರಡು ಥರ್ಮೋಕಪಲ್‌ಗಳು ಒಂದೇ ಇಟ್ಟಿಗೆಗೆ ಮೈ ತಾಗಿಸಿಕೊಂಡು ಕೂತಿದ್ದವು. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಒಂದಕ್ಕೊಂದು ಆಗಿಬರದ ಓರಗಿತ್ತಿಯರ ಹಾಗೆ ಬೇರೆ ಬೇರೆ ದಾರಿ ಹಿಡಿದಿದ್ದವು. ಬೆಳಿಗ್ಗೆ ಭಟ್ಟಿ ತಣ್ಣಗಿದ್ದಾಗ ಎರಡೂ ಒಂದೇ ಅಂಕಿ ಹೇಳುತ್ತಿದ್ದವು. ಭಟ್ಟಿ ಕೆಂಪಗೆ ಕಾಯುತ್ತಾ ಬಂದಂತೆಲ್ಲ ಹಳೆಯದು ಹಿಂದೆ ಬೀಳುತ್ತಿತ್ತು. ಹೊಸದನ್ನು ಪುಟ್ಟಿ ಒಬ್ಬ ಗ್ರಾಹಕರ ಕೆಲಸಕ್ಕೆಂದು ಆ ವಾರವಷ್ಟೇ ಕೂರಿಸಿದ್ದಳು. ಅದು ತನ್ನದೇ ಕೇಬಲ್ ಹೊತ್ತು ಬಂದಿತ್ತು.

ಪುಟ್ಟಿ ಎನ್ನುವುದು ಮನೆಯವರು ಕರೆಯುವ ಹೆಸರು. ಕಾರ್ಖಾನೆಗಳ ಕುಲುಮೆಗೆ ಒಳಗೋಡೆಯಾಗುವ ಇಟ್ಟಿಗೆ ಎಷ್ಟು ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ ಎಂದು ಅಳೆಯುವ ಆ ಲ್ಯಾಬಿಗೆ ಈಗ ಅವಳೇ ಮುಖ್ಯಸ್ಥೆ. ಮೊದಲು ಆ ಕುರ್ಚಿಯಲ್ಲಿದ್ದವಳು ಅವಳ ಚಿಕ್ಕಮ್ಮ, ತಾಯಿಯ ಬೆನ್ನಿಗೆ ಹುಟ್ಟಿದವಳು. ಪುಟ್ಟಿಯನ್ನು ಓದಿಸಿ, ಕೆಲಸ ಕಲಿಸಿ, ತನ್ನ ಜಾಗಕ್ಕೆ ತಂದು ಕೂರಿಸಿ ನಿವೃತ್ತಳಾದವಳು. "ಈ ಲ್ಯಾಬಿನ ಒಂದೊಂದು ತಂತಿನೂ ನನ್ನ ಕೈಯಿಂದ ಹೋಗಿದ್ದು" ಎಂದು ಹೇಳಿಕೊಳ್ಳುವುದು ಅವಳಿಗೆ ಇಷ್ಟ.

ಚಿಕ್ಕಮ್ಮನಿಗೆ ಇನ್ನೊಂದು ಹೆಸರೂ ಇತ್ತು: ತಪ್ಪು ಕಂಡರೆ ಗಂಡನನ್ನೂ ಬಿಡದ ಹೆಂಗಸು. ಜನ ಅದನ್ನು ಮೆಚ್ಚಿಯೇ ಹೇಳುತ್ತಿದ್ದರು. ಚಿಕ್ಕಪ್ಪನೂ ಅದೇ ಲ್ಯಾಬಿನಲ್ಲಿದ್ದ. ಒಬ್ಬ ತಯಾರಕನ ಇಟ್ಟಿಗೆ ಬೇಗ ಕುಸಿಯುತ್ತದೆ ಎಂದು ಇದೇ ದೊಡ್ಡ ಭಟ್ಟಿಯಲ್ಲಿ ಚಿಕ್ಕಮ್ಮ ಕಂಡುಕೊಂಡರೆ, ಅದೇ ಇಟ್ಟಿಗೆ ಇನ್ನೂ ಹೆಚ್ಚು ಬಿಸಿ ತಡೆಯುತ್ತದೆ ಎಂದು ಚಿಕ್ಕಪ್ಪ ತನ್ನ ಸಣ್ಣ ಭಟ್ಟಿಯಲ್ಲಿ ಅಳೆದಿದ್ದ. ಅವನು ತಯಾರಕನಿಂದ ಕೈ ಬೆಚ್ಚಗೆ ಮಾಡಿಕೊಂಡಿದ್ದಾನೆ ಎಂದು ಮಾತು ಹುಟ್ಟಿತು. ವಿಚಾರಣೆ ನಡೆಯಿತು. ಚಿಕ್ಕಮ್ಮ ಸಮಿತಿಯ ಎದುರು ಕೂತು, ಗಂಡನ ಅಂಕಿಗಳು ಸುಳ್ಳು, ದುಡ್ಡು ತಿಂದು ಬರೆದವು ಎಂದಳು. ಚಿಕ್ಕಪ್ಪನ ಕೆಲಸ ಹೋಯಿತು. ಅವನು ಮನೆಗೂ ತಿರುಗಿ ಬರಲಿಲ್ಲ.

ಪುಟ್ಟಿ ಇದನ್ನೆಲ್ಲ ಕೇಳಿಕೊಂಡೇ ಬೆಳೆದವಳು. ಆದರೆ ಹಳೆಯ ಥರ್ಮೋಕಪಲ್ಲಿನ ತಂಟೆ ಹಿಡಿದು ಕೂತಾಗ ಅದು ಅವಳ ತಲೆಯಲ್ಲಿರಲಿಲ್ಲ. ಕಡ್ಡಿ ಸುಟ್ಟಿರಬೇಕೆಂದು ಬೇರೆಯದು ಹಾಕಿದಳು. ಅದೂ ಹಿಂದೆ ಬಿತ್ತು. ಅಂಕಿಗಳನ್ನು ದಾಖಲಿಸುವ ಲಾಗರ್ ಪೆಟ್ಟಿಗೆಯಲ್ಲಿ ಎರಡರ ಜಾಗ ಅದಲುಬದಲು ಮಾಡಿದಳು. ತಪ್ಪು ಕೇಬಲಿನ ಜೊತೆಗೇ ಹೋಯಿತು. ಕಡ್ಡಿಯನ್ನು ಹೊರತೆಗೆದು ಐಸು ತುಂಬಿದ ನೀರಿಗೆ ಅದ್ದಿದಳು, ಕುದಿಯುವ ನೀರಿಗೆ ಅದ್ದಿದಳು. ಎರಡಕ್ಕೂ ಸರಿ ಉತ್ತರ. ಫ್ಯಾನಿನ ಮೋಟಾರು ನಿಲ್ಲಿಸಿ ನೋಡಿದರೂ ಏನೂ ಬದಲಾಗಲಿಲ್ಲ. ಕಾದ ಭಟ್ಟಿಯ ಪಕ್ಕ ಬಗ್ಗಿದ್ದಾಗ ಕಡ್ಡಿಯ ತಲೆಗೆ ಕೈ ತಾಗಿ ಚುರ್ ಎಂದಿತು. ಕಡ್ಡಿಗೂ ಕೇಬಲಿಗೂ ಗಂಟು ಬೀಳುವ ಸಣ್ಣ ಡಬ್ಬಿ ಅದು. ಕೈಗೆ ಉಫ್ ಎಂದು ಊದಿಕೊಳ್ಳುತ್ತಾ ಅವಳು ಆ ಡಬ್ಬಿಯನ್ನೇ ನೋಡಿದಳು: ಭಟ್ಟಿಯ ಜೊತೆ ಅದೂ ಕಾಯುತ್ತದೆ.

ಮರುದಿನ ಭಟ್ಟಿ ಹೊತ್ತಿಸದೆ, ಪ್ಯಾಕಿಂಗಿನವರಿಂದ ಬಿಸಿಗಾಳಿ ಊದುವ ಗನ್ ತಂದು ಆ ಡಬ್ಬಿಗೆ ಹಿಡಿದಳು. ಎಲ್ಲ ಸರಿಯಿದ್ದಿದ್ದರೆ ಅಂಕಿ ಅಲುಗಬಾರದಿತ್ತು. ಅದು ಇಳಿಯತೊಡಗಿತು. ಸೊನ್ನೆ ದಾಟಿ ಕೆಳಗೆ ಹೋಯಿತು. ಡಬ್ಬಿ ಬಿಚ್ಚಿ ತಂತಿಗಳಿಗೆ ಆಯಸ್ಕಾಂತ ಹಿಡಿದಳು. ಅದಕ್ಕೆ ಅಂಟಬೇಕಾದದ್ದು ಎರಡರಲ್ಲಿ ಋಣದ, ಅಂದರೆ ಮೈನಸ್ ತಂತಿ ಮಾತ್ರ. ಕಡ್ಡಿಯಲ್ಲಿ ಋಣದ್ದೇ ಅಂಟಿತು, ಕೇಬಲಿನಲ್ಲಿ ಧನದ ಜಾಗಕ್ಕೆ ಬಿಗಿದದ್ದು ಅಂಟಿತು. ಒಬ್ಬ ತಯಾರಕನ ಕೇಬಲಿನಲ್ಲಿ ಕೆಂಪು ಧನ, ಇನ್ನೊಬ್ಬನದರಲ್ಲಿ ಋಣ. ಚಿಕ್ಕಮ್ಮನ ಕಾಲದ ಆ ಕೇಬಲನ್ನು ಬಣ್ಣ ನಂಬಿದ ಕೈ ಈ ಕಡೆಯೂ ಲಾಗರಿನ ಕಡೆಯೂ ತಿರುಗಿಸಿ ಕಟ್ಟಿತ್ತು. ಒಂದು ಕಡೆ ಮಾತ್ರ ತಪ್ಪಿದ್ದರೆ ಅಂದೇ ಸಿಕ್ಕಿಬೀಳುತ್ತಿತ್ತು. ಎರಡೂ ಕಡೆ ತಪ್ಪಿದ್ದರಿಂದ ತಣ್ಣಗಿದ್ದಾಗ ಒಂದನ್ನೊಂದು ಮುಚ್ಚಿಹಾಕಿ, ಡಬ್ಬಿ ಕಾದ ಮೇಲೆ ಮಾತ್ರ ನಿಜವಾದ ಬಿಸಿಗಿಂತ ಕಡಿಮೆ ತೋರಿಸುತ್ತಿತ್ತು. ಅಂದರೆ ಚಿಕ್ಕಮ್ಮನ ಇಟ್ಟಿಗೆಗಳು ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಿಸಿಯಲ್ಲಿ ಕುಸಿದಿದ್ದವು. ಚಿಕ್ಕಪ್ಪ ಹೇಳಿದ ಬಿಸಿಯಲ್ಲಿ.

ಪುಟ್ಟಿ ಸ್ಟೂಲು ಎಳೆದು ಕೂತು, ಎರಡೂ ತಂತಿಗಳಿಗೆ ಇನ್ನೊಮ್ಮೆ ಆಯಸ್ಕಾಂತ ಹಿಡಿದಳು.

ಸಂಜೆ ಅವಳು ಹೋದಾಗ ಚಿಕ್ಕಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಪುಟ್ಟಿ ಹೇಳಿ ಮುಗಿಸುವ ತನಕ ಅವಳ ಕೈ ನಿಲ್ಲಲಿಲ್ಲ.

"ಎರಡೂ ಕಡೆ ತಿರುಗಿತ್ತಾ?"

"ಹೂಂ."

"ಬೆಳಿಗ್ಗೆ ಸರಿ ತೋರಿಸ್ತಿತ್ತಲ್ಲ."

"ತಣ್ಣಗಿದ್ದಾಗ ಸರಿನೇ ಚಿಕ್ಕಮ್ಮ. ನಾವು ಪರೀಕ್ಷೆ ಮಾಡ್ತಿದ್ದದ್ದೂ ತಣ್ಣಗಿದ್ದಾಗಲೇ."

ಚಿಕ್ಕಮ್ಮ ಒಂದು ದಿಂಬಿನ ಕವರನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. "ಕಾದಾಗ ನೋಡು ಅಂತ ನಿನ್ನ ಚಿಕ್ಕಪ್ಪ ಅವತ್ತೇ ಹೇಳಿದ್ರು. ಸೋತವರು ಏನಾದ್ರೂ ಒಂದು ಹೇಳ್ತಾರೆ ಅಂದ್ಕೊಂಡೆ." ಮಡಚಿದ ಕವರನ್ನು ಪಕ್ಕಕ್ಕಿಟ್ಟು, "ಹೊಸ ಕೇಬಲ್ ಎಳೆದು ಹಾಕು. ಇಲ್ಲಿಗೆ ಬಿಟ್ಟುಬಿಡು ಪುಟ್ಟಿ."

"ಚಿಕ್ಕಪ್ಪಂಗೆ?"

"ಹೇಳಿ ಏನು ಕೊಡ್ತೀಯ? ಹೋದ ವಯಸ್ಸು ಕೊಡ್ತೀಯ?" ಅವಳ ದನಿ ಏರಲಿಲ್ಲ. "ನಂಗೆ ಇರೋದು ಇದೊಂದು ಹೆಸರು. ಅದನ್ನೂ ಕಿತ್ಕೋಬೇಡ."

ಪುಟ್ಟಿ ಮಾತು ಕೊಡದೆ ಎದ್ದು ಬಂದಳು.

ಚಿಕ್ಕಪ್ಪ ಈಗ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಅಂಗಡಿ; ನೆಲವೆಲ್ಲ ಎಣ್ಣೆಯ ಜಿಡ್ಡು. ಅವನು ಕನ್ನಡಕ ಹಣೆಗೇರಿಸಿ ಅವಳನ್ನು ಗುರುತು ಹಿಡಿದ. ಇದ್ದ ಒಂದೇ ಸ್ಟೂಲನ್ನು ಅವಳತ್ತ ತಳ್ಳಿದ. ಅವಳು ಹೇಳಿದ್ದನ್ನು ಕೇಳುತ್ತಾ, ಬಿಚ್ಚಿಟ್ಟ ಯಂತ್ರವನ್ನು ಒರೆಸುತ್ತಲೇ ಇದ್ದ.

"ಬಿಸಿಗಾಳಿ ಹಿಡಿದು ನೋಡಿದ್ಯಾ? ಒಳ್ಳೇ ಉಪಾಯ. ನಂಗೆ ಹೊಳೀಲಿಲ್ಲ ನೋಡು. ಅವಳಿಗೆ ಹೇಳಿದ್ಯಾ?"

"ಹೇಳ್ದೆ. ನಿಮ್ಮ ಹೆಸರು ಸರಿ ಮಾಡಿಸ್ತೀನಿ ಚಿಕ್ಕಪ್ಪ. ತಪ್ಪು ಆ ತಂತೀದು."

ಅವನು ಬಟ್ಟೆಯನ್ನು ಕೆಳಗಿಟ್ಟ.

"ಅಂಕಿ ತಪ್ಪು ತೋರಿಸಿದ್ದು ತಂತಿ, ಒಪ್ದೆ. ನಾನು ದುಡ್ಡು ತಿಂದೆ ಅಂತ ತಂತಿ ಹೇಳಿತ್ತಾ? ಅದನ್ನ ಅವಳು ಯಾವ ಮೀಟರ್ ನೋಡಿ ಹೇಳಿದ್ಲು?"

ಪುಟ್ಟಿ ಸ್ಟೂಲಿನಿಂದ ಎದ್ದು, ಅದನ್ನು ಅವನತ್ತ ತಳ್ಳಿದಳು.

"ಜೊತೇಲಿ ಬಾಳಿದ್ವಲ್ಲಮ್ಮ. ನಿಮ್ಮ ಅಂಕಿ ಯಾಕೆ ಬೇರೆ ಬಂತು ಅಂತ ಕೇಳಬಹುದಿತ್ತು. ಎಷ್ಟು ತಿಂದ್ರಿ ಅಂತ ಕೇಳಿದ್ಲು." ಅವನು ಮತ್ತೆ ಬಟ್ಟೆ ಎತ್ತಿಕೊಂಡ. "ನೀನು ಏನು ಬೇಕಾದ್ರೂ ಬರಿ. ನನ್ನ ಮಾತ್ರ ಅಲ್ಲಿಗೆ ಕರೀಬೇಡ."

ಸಂಸ್ಥೆಯ ನಿರ್ದೇಶಕರು ಇನ್ನೂ ಜಾಣರು. "ಮುಗಿದ ಫೈಲು ಇದು. ಕೇಬಲ್ ಹಳೇದಾಗಿತ್ತು, ಬದಲಾಯಿಸಿದೀವಿ ಅಂತ ಬರೆದುಬಿಡಿ ಸಾಕು. ಹಳೇ ಮೇಡಂ ನಿಮ್ಮ ಮನೆಯವರೇ ಅಲ್ವಾ?" ಎಂದರು. ಪುಟ್ಟಿ ನಡೆದದ್ದನ್ನು ನಡೆದ ಹಾಗೇ ಬರೆದು, ಆ ಭಟ್ಟಿಯ ಅಂಕಿ ನಂಬಿದ ತಯಾರಕರಿಗೆಲ್ಲ ಕಳಿಸಿದಳು. ಚಿಕ್ಕಪ್ಪನ ಅಳತೆ ಸರಿಯಿತ್ತು ಎಂದೂ ಬರೆದಳು. ಯಾರ ಇಟ್ಟಿಗೆಯ ಮೇಲೆ ಜಗಳ ಹತ್ತಿತ್ತೋ ಅವನ ಪ್ರತಿ ಮಾತ್ರ ವಾಪಸು ಬಂತು. ಆ ಕಾರ್ಖಾನೆ ಬಾಗಿಲು ಹಾಕಿ ಯಾವ ಕಾಲವಾಗಿತ್ತೋ.

ಸುದ್ದಿಗೆ ಕಾಲು ಬಂತು. ಚಿಕ್ಕಮ್ಮನನ್ನು ಹೊಗಳುತ್ತಿದ್ದ ಬಾಯಿಗಳೇ ತಿರುಗಿಕೊಂಡವು. ಲ್ಯಾಬಿನ ಹಳಬರು ಪುಟ್ಟಿ ಬಂದರೆ ಚಹಾದ ಲೋಟ ಹಿಡಿದು ಬೇರೆ ಕಡೆ ಸರಿಯತೊಡಗಿದರು. ಅಮ್ಮ ಮೊದಲ ದಿನ ಅತ್ತಳು, ಆಮೇಲೆ ಒಂದೇ ಮಾತು ಹೇಳಿದಳು: "ಅನ್ನ ಹಾಕಿ ಓದಿಸಿದವಳ ಮುಪ್ಪಿಗೆ ಕೊಳ್ಳಿ ಇಟ್ಟೆ."

"ಸುಳ್ಳು ಬರೀಬೇಕಿತ್ತಾ ಅಮ್ಮ?"

"ನಿಜ ಬರೆದು ಯಾರನ್ನ ಉದ್ಧಾರ ಮಾಡಿದೆ? ಅವನು ಬಂದ್ನಾ?"

ಬಂದಿರಲಿಲ್ಲ. ಪುಟ್ಟಿ ಇನ್ನೊಮ್ಮೆ ಅಂಗಡಿಗೆ ಹೋದಾಗ ಚಿಕ್ಕಪ್ಪ ಅವಳು ಕಳಿಸಿದ್ದ ಕಾಗದ ಓದಿದೆ ಎಂದಷ್ಟೇ ಹೇಳಿ, ಗಿರಾಕಿ ಬಂದರೆಂದು ಎದ್ದಿದ್ದ.

ಒಂದು ಭಾನುವಾರ ಚಿಕ್ಕಮ್ಮ ಅಕ್ಕನ ಮನೆಗೆ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಪುಟ್ಟಿ ಒಳಗೋಡಿ ನೀರು ತಂದು ಅವಳ ಮುಂದೆ ಹಿಡಿದಳು. ಚಿಕ್ಕಮ್ಮ ಆ ಲೋಟದ ಆಚೆಗೆ ನೋಡಿ, "ಅಕ್ಕ, ಕುಡಿಯೋಕೆ ಸ್ವಲ್ಪ ನೀರು ಕೊಡೆ" ಎಂದಳು.

ಅಮ್ಮ ಬಂದು, ಪುಟ್ಟಿಯ ಕೈಯಿಂದ ಲೋಟ ತೆಗೆದುಕೊಂಡು, ತಂಗಿಗೆ ಕೊಟ್ಟಳು. ಚಿಕ್ಕಮ್ಮ ಗಟಗಟನೆ ಕುಡಿದಳು.