ತಡೆದು ಆಡಿದ ಮಾತು

ಘೋಡಗೇರಿಯ ಆ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾದರೂ ತ್ರಿಶಲಾ ಗಂಡನ ಅಣ್ಣ ರಾವಸಾಹೇಬರ ಎದುರು ದನಿ ಎತ್ತಿದವಳಲ್ಲ. ೧೯೯೮ರ ಬೇಸಿಗೆಯಲ್ಲಿ ಗೋಕಾಕದ ಸಂತೆ ಮುಗಿಸಿ ಗಂಡ ಶ್ರೇಣಿಕನ ಲೂನಾದ ಹಿಂದೆ ಕುಳಿತು ಬರುವಾಗ ಗಾಡಿ ತಗ್ಗಿಗೆ ಬಿದ್ದು ಪುಟಿಯಿತು. ಹಾರಿ ಬಿದ್ದ ಆಕೆಯ ಹಣೆ ಮೈಲುಗಲ್ಲಿಗೆ ಬಡಿಯಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಬಂದವಳು ಬೇರೆಯೇ ಹೆಂಗಸಾಗಿದ್ದಳು. ಮನಸ್ಸಿಗೆ ಹೊಳೆದದ್ದು ಬಾಯಿಗೆ ಬಂದೇ ಬಿಡುತ್ತಿತ್ತು. ಸತ್ತವರ ಮನೆಯಲ್ಲಿ ನಕ್ಕಳು. ಬಸದಿಯ ಮುಂದೆ ಒಬ್ಬಾಕೆಯ ಹೊಸ ಸೀರೆ ನೋಡಿ, "ಪಡದಾ ಸುತಗೊಂಡಂಗ ಐತಿ" ಎಂದಳು. ಆಮೇಲೆ ಹಿತ್ತಲಲ್ಲಿ ಕುಳಿತು ಒಬ್ಬಳೇ ಅತ್ತಳು.

ಡಾಕ್ಟರು ಮಾತ್ರ ಬಿಡಿಸಿ ಹೇಳಿದ್ದರು. "ಹಣಿ ಹಿಂದಿನ ಮೆದುಳು ನಮಗ ಬ್ರೇಕ್ ಇದ್ದಂಗ್ರಿ ತಂಗೀ. ಈ ಮಾತು ಆಡೋದೋ ಬ್ಯಾಡೋ ಅಂತ ಹಿಡದು ನೋಡೋದು ಅದs. ನಿಮಗ ಅಲ್ಲೇ ಪೆಟ್ಟಾಗೇತಿ. ಬುದ್ಧಿ, ನೆನಪು ಎಲ್ಲಾ ಸುದ್ದ ಅದಾವ. ಮಾತು ಬಂದಾಗ ಒಂದೀಟು ನಿಂದರೂದನ್ನ ರೂಢಿ ಮಾಡ್ಕೋರಿ."

ದೀಪಾವಳಿ ಕಳೆದ ಮೇಲೆ ರಾವಸಾಹೇಬರ ಮಗಳು ಶ್ರದ್ಧಾಳನ್ನು ನೋಡಲು ಮೂಡಲಗಿಯಿಂದ ಬೀಗರಾಗುವವರು ಬಂದರು. "ಹುಡುಗಿಗಿ ಹದಿನೆಂಟು ತುಂಬ್ಯಾವ್ರಿ" ಎಂದರು ರಾವಸಾಹೇಬ.

ಅವಲಕ್ಕಿ ತಂದಿದ್ದ ತ್ರಿಶಲಾ ಅಲ್ಲೇ ಅಂದುಬಿಟ್ಟಳು: "ಎಲ್ಲೀ ಹದಿನೆಂಟು? ಒಂಬತ್ತನೇ ಕ್ಲಾಸ ಓದಾಕತ್ತಾಳ. ಹದಿನೈದು!"

"ತಲಿಗಿ ಪೆಟ್ಟ ಬಿದ್ದೈತ್ರಿ ಆಕಿಗೆ. ಏನರ ಮಾತಾಡ್ತಾಳ" ಎಂದು ರಾವಸಾಹೇಬ ನಕ್ಕರು. ಬಂದವರು ಅಯ್ಯೋ ಪಾಪ ಎಂಬಂತೆ ತಲೆ ಆಡಿಸಿದರು. ಬೈದಿದ್ದರೂ ತ್ರಿಶಲಾಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಅವರು ಹೋದ ಮೇಲೆ ರಾವಸಾಹೇಬ ತಮ್ಮನಿಗೆ ಹೇಳಿದರು: "ನಿಶ್ಚಯಕ್ಕ ಬರ್ತಾರ. ಅಷ್ಟೊತ್ತಿಗೆ ಈಕಿನ್ನ ಹುಕ್ಕೇರಿಗೆ, ತವರಮನಿಗಿ ಬಿಟ್ಟ ಬಾ."

"ನಾ ಹೋಗಂಗಿಲ್ರಿ, ಬಾವಾರ" ಎಂದಳು ತ್ರಿಶಲಾ. "ನನಗ ಮಾತು ತಡಿಯಾಕ ಆಗಂಗಿಲ್ಲ ಅಂದಾರ ಡಾಕ್ಟರು. ಸುಳ್ಳ ಹೇಳ್ತಾಳ ಅಂದಿಲ್ಲ."

ಶ್ರೇಣಿಕ ತಲೆ ತಗ್ಗಿಸಿ ಕುಳಿತಿದ್ದ. ಆದರೆ ಅವಳನ್ನು ಹುಕ್ಕೇರಿಗೆ ಬಿಟ್ಟು ಬರಲಿಲ್ಲ.

ಅಂದಿನಿಂದ ಆಕೆ ಹಟ ಹಿಡಿದಳು. ಮಾತು ನಾಲಿಗೆಗೆ ಬಂದೊಡನೆ ಹೆಬ್ಬೆರಳ ಉಗುರನ್ನು ಅಂಗೈಗೆ ಒತ್ತಿ, ಮನಸ್ಸಿನಲ್ಲೇ ಜೈನರ ಣಮೋಕಾರ ಮಂತ್ರದ ಐದೂ ಸಾಲು ಹೇಳುವುದು, ಆಮೇಲೆ ಬಾಯಿ ತೆರೆಯುವುದು. ಮೊದಮೊದಲು ಎರಡನೇ ಸಾಲಿಗೇ ಮಾತು ಜಾರುತ್ತಿತ್ತು. ಹಾಲಿನವನಿಗೆ ಬೈದಳು, ಗಂಡನಿಗೆ ಬೈದಳು, ಮತ್ತೆ ಒತ್ತಿದಳು. ಅಂಗೈಯಲ್ಲಿ ಕೆಂಪು ಗೀರು ಮೂಡಿತು.

ಐದು ವಾರದ ಬಳಿಕ ಮೂಡಲಗಿಯವರು ಮತ್ತೆ ಬಂದರು. ವರನ ತಾಯಿ ಪದ್ಮವ್ವ ನಡುವೆ ಕುಳಿತಿದ್ದರು. ರಾವಸಾಹೇಬ ಮತ್ತೆ ಹದಿನೆಂಟು ಎಂದರು. ಎಲ್ಲರ ಕಣ್ಣೂ ತ್ರಿಶಲಾಳ ಕಡೆ ಹೊರಳಿತು. ಆಕೆ ಉಗುರು ಒತ್ತಿದಳು. ಮಂತ್ರ ಶುರುಮಾಡಿದಳು. ಐದೂ ಸಾಲು ಮುಗಿದವು. ರಾವಸಾಹೇಬ ನೆಮ್ಮದಿಯ ಉಸಿರು ಬಿಟ್ಟು ಅಡಿಕೆಗೆ ಕೈ ಹಾಕಿದರು.

ಆಗ ತ್ರಿಶಲಾ ಪದ್ಮವ್ವನ ಎದುರು ಬಂದು ಕುಳಿತಳು. "ಅಕ್ಕಾರ, ಹ್ವಾದ ಸಲ ಬಾಯಿ ಜಾರಿ ಅಂದಿದ್ದೆ. ಇವತ್ತ ತಡಕೊಂಡೇನಿ. ತಡದು, ವಿಚಾರ ಮಾಡಿ, ಈಗ ಆಡಾಕತ್ತೇನಿ. ಹುಡುಗಿಗಿ ಹದಿನೈದು. ಸಾಲ್ಯಾಗ ಬರದೈತಿ, ನೋಡ್ರಿ."

"ತ್ರಿಶಲಾ! ಎದ್ದ ನಡಿ ಒಳಗ!"

"ಯಾಕ ಒದರತೀರಿ ಬಾವಾರ? ತಲಿ ಕೆಟ್ಟಾಕಿ ನಾ. ನಾನs ಒದರಾಕತ್ತಿಲ್ಲ."

ಪದ್ಮವ್ವ ಶ್ರದ್ಧಾಳನ್ನು ಕರೆದು ಕೇಳಿದರು. ಹುಡುಗಿ ಅಪ್ಪನ ಮುಖ ನೋಡಲಿಲ್ಲ, ಕಾಕಿ ತ್ರಿಶಲಾಳ ಮುಖ ನೋಡಿದಳು. "ಹದಿನೈದ್ರಿ. ನಾ ಎಸ್ಸೆಸ್ಸೆಲ್ಸಿ ಕಟ್ಟಬೇಕ್ರಿ."

ಪದ್ಮವ್ವ ಸೆರಗು ಸರಿಮಾಡಿಕೊಂಡು ಎದ್ದರು. "ನಾಳೆ ಪೊಲೀಸರು ಬಂದ್ರ ನಮ್ಮ ಮನಿ ಬಾಗಲಕ್ಕs ಬರ್ತಾರ, ರಾವಸಾಹೇಬ್ರ. ಈ ಸಂಬಂಧ ನಮಗ ಬ್ಯಾಡ್ರಿ."

ತ್ರಿಶಲಾಳ ತಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ದಣಿದ ದಿನ ಆಮೇಲೂ ಯಾರಿಗೋ ಏನೋ ಅಂದುಬಿಡುತ್ತಿದ್ದಳು. ರಾವಸಾಹೇಬ ಮಾತು ಬಿಟ್ಟರು, ಆಕೆಯ ಕೈಯ ನೀರನ್ನೂ ಬಿಟ್ಟರು. ಆದರೂ ಆಕೆ ದಿನಾ ಮುಂಜಾನೆ ತಂಬಿಗೆ ತುಂಬಿ ಅವರ ಮುಂದಿಟ್ಟು, ಕುಡಿದರೋ ಬಿಟ್ಟರೋ ಎಂದು ತಿರುಗಿ ನೋಡದೆ ಹೋಗುತ್ತಿದ್ದಳು. ಜೂನಿನಲ್ಲಿ ಶ್ರದ್ಧಾ ಹತ್ತನೇ ಕ್ಲಾಸಿಗೆ ಹೋದಳು.