ಮೂರನೇ ಜೀಪಿನ ಜಾಡು

ಬೆಳಿಗ್ಗೆ ಏಳೂಕಾಲಿಗೆ ಮೂರನೇ ನಂಬರಿನ ಸಫಾರಿ ಜೀಪು ದಾರಿ ಬಿಟ್ಟು ಹುಲ್ಲಿಗಿಳಿದು, ಅಲ್ಲಿ ಮಲಗಿದ್ದ ಎರಡು ದಿನದ ಜಿಂಕೆಮರಿಯ ಮೇಲೆ ಹರಿಯಿತು. ಜೀಪಿನಲ್ಲಿ ಆರು ಜನ ಪ್ರವಾಸಿಗರಿದ್ದರು.

"ಏನೋ ಎತ್ತಿಹಾಕ್ತಲ್ಲ?" ಹಿಂದಿನ ಸೀಟಿನ ಹೆಂಗಸು ಕೇಳಿದಳು.

"ಹುತ್ತ ಮೇಡಂ," ಎಂದ ಡ್ರೈವರ್.

"ಹುತ್ತ ಅಲ್ಲ," ಎಂದಳು ಅವನ ಪಕ್ಕ ಕೂತಿದ್ದ ಜಾಡಕ್ಕ. ಹನ್ನೊಂದು ವರ್ಷದಿಂದ ಆ ರೆಸಾರ್ಟಿನಲ್ಲಿ ಪ್ರಾಣಿಗಳ ಜಾಡು ಹಿಡಿಯುವ ಕೆಲಸ ಅವಳದು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. "ಮರಿ ಅದು. ನಿಲ್ಸು."

ತಂಡದ ಮುಂದಾಳು ಮಹಾಶಯರು ತುಟಿಯ ಮೇಲೆ ಬೆರಳಿಟ್ಟರು. ಜೀಪನ್ನು ಹುಲ್ಲಿಗಿಳಿಸಲು ಡ್ರೈವರನ ಹೆಗಲು ತಟ್ಟಿದವರೂ ಅವರೇ. ದೂರದಲ್ಲಿ ಚಿರತೆಯ ಬಾಲದ ತುದಿಯೊಂದು ಆಡುತ್ತಿತ್ತು. "ಹುತ್ತವೇ ಇರಬೇಕು. ಕಾಡಲ್ಲಿ ಮೌನವಾಗಿರಬೇಕಮ್ಮ. ಪ್ರತಿಜ್ಞೆ ಮಾಡಿಲ್ವಾ ನಾವು?"

ಪ್ರತಿಜ್ಞೆಯೇನೋ ಭರ್ಜರಿಯಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ರೆಸಾರ್ಟಿನ ಅಂಗಳದಲ್ಲಿ ಹಸಿರು ಟೋಪಿ ಹಾಕಿಕೊಂಡು, ಎದೆಯ ಮೇಲೆ ಕೈಯಿಟ್ಟು, 'ಜವಾಬ್ದಾರಿಯುತ ಪ್ರವಾಸಿಗರಾದ ನಾವು' ಎಂದು ಶುರುಮಾಡಿ ಹತ್ತು ಅಂಶ ಓದಿದ್ದರು. ಫೋಟೋ ಸರಿಬರಲಿಲ್ಲವೆಂದು ಮತ್ತೊಂದು ಸಲ ಓದಿದ್ದರು. ಪ್ಲಾಸ್ಟಿಕ್ ಮುಟ್ಟುವ ಪೈಕಿಯಲ್ಲ. ಎಲ್ಲರದ್ದೂ ಸ್ಟೀಲಿನ ಬಾಟಲಿ, ಬಟ್ಟೆಯ ಚೀಲ, ಬಿದಿರಿನ ಬ್ರಷ್ಷು. ಹಿಂದಿನ ಸೀಟಿನ ಹೆಂಗಸಂತೂ ಜಾಡಕ್ಕನ ತಲೆಯ ಕ್ಲಿಪ್ಪು ಕಂಡು, "ಇದು ಮಣ್ಣಲ್ಲಿ ಕರಗೋಕೆ ಎಷ್ಟು ನೂರು ವರ್ಷ ಬೇಕು ಗೊತ್ತಾ?" ಎಂದು ಪಾಠ ಹೇಳಿದ್ದಳು.

"ನನ್ನ ಕೂದಲೇ ಅಷ್ಟು ದಿನ ಇರಲ್ಲ ಬಿಡಿ ಮೇಡಂ," ಎಂದಿದ್ದಳು ಜಾಡಕ್ಕ.

ಚಿರತೆ ಒಂದೇ ನೆಗೆತಕ್ಕೆ ಪೊದೆ ಸೇರಿತು. ಆರರಲ್ಲಿ ಒಬ್ಬರ ಫೋಟೋದಲ್ಲೂ ಬಾಲ ನೆಟ್ಟಗೆ ಬಿದ್ದಿರಲಿಲ್ಲ. ಮುಖ ಊದಿಸಿಕೊಂಡು ವಾಪಸಾಗುವಾಗ ಹೆಣ್ಣು ಜಿಂಕೆಯೊಂದು ದಾರಿಯಂಚಿಗೆ ಬಂದು, ಜೀಪಿಗೂ ಬೆದರದೆ, ಆ ಹುಲ್ಲಿನ ಕಡೆಗೇ ನೋಡುತ್ತ ನಿಂತಿತು. "ಅಯ್ಯೋ, ಎಷ್ಟು ಮುದ್ದಾಗಿ ಪೋಸ್ ಕೊಡ್ತಿದೆ!" ಎಂದರು ಯಾರೋ. ಆ ಫೋಟೋ ಎಲ್ಲರಿಗೂ ಚೆನ್ನಾಗಿ ಬಂತು.

ಹತ್ತರ ಹೊತ್ತಿಗೆ ಕಾವಲು ಗೋಪುರದವನು ಹುಲ್ಲಿನ ಮೇಲೆ ಹದ್ದುಗಳು ಎರಗುವುದನ್ನು ಕಂಡು ಅರಣ್ಯ ಕಚೇರಿಗೆ ಸುದ್ದಿ ಮುಟ್ಟಿಸಿದ್ದ. ಹನ್ನೆರಡಕ್ಕೆ ಅಧಿಕಾರಿ ಬರುತ್ತಾರೆಂದು ಫೋನು ಬಂದಾಗ ಮ್ಯಾನೇಜರ್ ತಿಂಡಿಯ ಹಾಲ್‌ನಲ್ಲಿ ಆರೂ ಜನರಿಗೆ 'ಕಾಡಿನ ಗೆಳೆಯ' ಎಂಬ ಪ್ರಮಾಣಪತ್ರ ಹಂಚುತ್ತಿದ್ದ. ಚಪ್ಪಾಳೆ ಮುಗಿಯುತ್ತಲೇ ಜಾಡಕ್ಕನನ್ನು ಇನ್ನೊಂದು ಜೀಪಿಗೆ ಹತ್ತಿಸಿಕೊಂಡು ತಾನೇ ಆ ಹುಲ್ಲಿನ ಬಳಿಗೆ ಓಡಿಸಿಕೊಂಡು ಬಂದ. ಬೆಳಗಿನ ಡ್ರೈವರ್ ಅವನ ಹೆಂಡತಿಯ ತಮ್ಮ.

ದಾರಿಯಿಂದ ಹುಲ್ಲಿನವರೆಗಿನ ಪುಡಿಮಣ್ಣಿನಲ್ಲಿ ಚಕ್ರದ ಗುರುತು ಅಚ್ಚೊತ್ತಿದ ಹಾಗಿತ್ತು. ಜೀಪಿನ ಹಿಂದೆ ಹಗ್ಗದಲ್ಲಿ ಮುಳ್ಳುಕೊಂಬೆ ಕಟ್ಟಿತ್ತು. ದಿನಾ ಸಂಜೆ ಅದನ್ನು ಎಳೆದು ದಾರಿಯ ಮಣ್ಣು ಸಮ ಮಾಡಿಟ್ಟರೆ, ರಾತ್ರಿ ಯಾವ ಪ್ರಾಣಿ ಹಾದುಹೋಯಿತೆಂದು ಬೆಳಿಗ್ಗೆ ಓದಬಹುದು.

"ಕೊಂಬೆ ಬಿಚ್ಚಿ ಎರಡು ಸಲ ಎಳೆದುಬಿಡು. ಸಾಹೇಬ್ರು ಕೇಳಿದ್ರೆ ಕುರಿಹಟ್ಟಿ ನಾಯಿಗಳು ಕಚ್ಚಿದ್ದು ಅನ್ನು. ಜಾಡಿನ ವಿಷಯದಲ್ಲಿ ನಿನ್ನ ಮಾತಿಗೆ ಅವರು ಎದುರಾಡಲ್ಲ."

"ಆ ಹಟ್ಟಿ ನನ್ನ ಸೋದರಮಾವಂದು ಸಾರ್."

"ಗೊತ್ತು. ಅದಕ್ಕೇ ಇನ್ನೂ ಚೆನ್ನಾಗಿ ನಂಬ್ತಾರೆ."

"ಹಟ್ಟೀನೇ ಎತ್ತಿಸಿಬಿಡ್ತಾರೆ."

"ಎತ್ತಿಸಲಿ. ಹೇಗೂ ಗೆಸ್ಟುಗಳಿಗೆ ಸೂರ್ಯಾಸ್ತ ನೋಡೋಕೆ ಅಡ್ಡ." ಆಮೇಲೆ ದನಿ ತಗ್ಗಿಸಿದ. "ನೋಡಮ್ಮ, ಭಾವಮೈದ ಒಳಗೆ ಹೋದ್ರೆ ನಂಗೆ ಮನೇಲಿ ಊಟ ಹಾಕಲ್ಲ."

"ಕ್ಯಾಂಟೀನಲ್ಲೇ ಊಟ ಮಾಡಿ ಸಾರ್. ನಾವೆಲ್ಲ ಮಾಡ್ತಿಲ್ವಾ?"

ಮ್ಯಾನೇಜರನ ಮುಖ ಕಪ್ಪಿಟ್ಟಿತು. "ತಮಾಷೆ ಬೇಡ. ನಾಳೆಯಿಂದ ನಿನ್ನನ್ನ ಇಲ್ಲಷ್ಟೇ ಅಲ್ಲ, ಸುತ್ತಲಿನ ಒಂದು ರೆಸಾರ್ಟಿನವರೂ ಗೇಟಿನೊಳಗೆ ಬಿಡಬಾರದು, ಹಾಗೆ ಮಾಡ್ತೀನಿ."

ಮಾಡುತ್ತಾನೆ, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಜಾಡು ಬಿಟ್ಟರೆ ಅವಳಿಗೆ ಬೇರೆ ಕಸುಬು ಗೊತ್ತಿಲ್ಲ. ಅದನ್ನು ಕಲಿಸಿದವನು ಆ ಮಾವನೇ, ಕೈಯಲ್ಲಿ ಕೋಲು ಹಿಡಿದು, ತಪ್ಪು ಹೇಳಿದರೆ ಹಿಮ್ಮಡಿಗೆ ತಟ್ಟುತ್ತ. ದಾರಿ ಬಿಟ್ಟಿಳಿದ ಇಂಥ ಚಕ್ರಗಳ ಗುರುತಿನ ಮೇಲೆ ಎಷ್ಟು ಸಂಜೆ ಅವಳೇ ಕೊಂಬೆ ಎಳೆದಿರಲಿಲ್ಲ? ಯಾರೂ ಕೇಳಿರಲಿಲ್ಲ, ಅವಳೂ ಬಾಯಿ ಬಿಟ್ಟಿರಲಿಲ್ಲ. ಎದುರಿನವನ ಮೇಲೆ ಉಕ್ಕುತ್ತಿದ್ದ ಹೇಸಿಗೆ ತನ್ನ ಮೇಲೂ ಒಂದು ತೊಟ್ಟು ಸಿಡಿದಂತಾಯಿತು.

ಅವಳು ಜೀಪಿನಿಂದ ಇಳಿದಳು. ಹಿಂದಕ್ಕೆ, ಹಗ್ಗದ ಕಡೆಗೆ ಹೋಗಲಿಲ್ಲ. ದಾರಿಯ ಬದಿಯಲ್ಲಿ ಬಗ್ಗಿ ಅಂಗೈಯಗಲದ ಕಲ್ಲುಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡಳು. ಚಿರತೆಯ ಹೆಜ್ಜೆ ಸಿಕ್ಕಾಗ, ಅಳತೆ ತೆಗೆಯುವವರು ಬರುವ ತನಕ ಯಾರೂ ತುಳಿಯದಿರಲೆಂದು ಸುತ್ತ ಕಲ್ಲಿಡುವುದು ವಾಡಿಕೆ. ಅವಳು ಚಕ್ರದ ಗುರುತಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊದಲನೆಯದನ್ನು ಇಟ್ಟಳು.

"ಏನ್ ಮಾಡ್ತಿದ್ದೀಯ? ಕೊಂಬೆ ಎಳಿ ಅಂದೆ!"

"ಎಳೆಯಲ್ಲ."

"ಆ ಕಲ್ಲು ತೆಗಿ ಮೊದಲು."

"ತೆಗೆಯಲ್ಲ ಸಾರ್."

ತಲೆಯೆತ್ತದೆ ಇನ್ನೊಂದು ಇಟ್ಟಳು, ಅಲುಗದಂತೆ ಒತ್ತಿದಳು. ಸುತ್ತು ಕೂಡಲು ಇನ್ನೂ ನಾಲ್ಕು ಬೇಕಿತ್ತು.